ಒಲೆ ಎಷ್ಟು ಸಲ ಹಚ್ಚುತ್ತೀರಿ

"ಅಜ್ಜಾರೇ, ಯಾವ ವಿಶ್ವವಿದ್ಯಾಲಯಕ್ಕೆ ಸೇರಲಿ?" ಎಂದು ದುರುಗಪ್ಪ ಕೇಳಿದ.

ಮಠದ ಪ್ರಸಾದ ನಿಲಯದಲ್ಲಿ ಉಂಡು ಬೆಳೆದ ಹುಡುಗ ಅವನು. ಅಭಿವೃದ್ಧಿ ಅರ್ಥಶಾಸ್ತ್ರ ಓದಬೇಕೆಂದು ಹಟ ಹಿಡಿದಿದ್ದ. ನಾಡಿನ ಬಡತನ ಏಕೆ ಬರುತ್ತದೆ, ಹೇಗೆ ಹೋಗುತ್ತದೆ ಎಂದು ಕಲಿಸುವ ಶಾಸ್ತ್ರ ಅದು. ಎರಡು ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಸೀಟು ಸಿಕ್ಕಿತ್ತು. ನಾಳೆಯೊಳಗೆ ಒಂದಕ್ಕೆ ಹೂಂ ಅನ್ನಬೇಕಿತ್ತು. ಮಠದ ಸ್ವಾಮಿಗಳಾದ ಅಜ್ಜಾರು ಮೆಂತ್ಯೆ ಸೊಪ್ಪು ಸೋಸುತ್ತಿದ್ದರು, ತಲೆ ಎತ್ತಲಿಲ್ಲ.

"ನಿನ್ನ ಮನಸ್ಸು ಯಾವುದರ ಮೇಲಿದೆ?"

"ಮೊದಲನೆಯದರ ಮೇಲೆ. ಎರಡೂ ಕಡೆ ಈ ಶಾಸ್ತ್ರಕ್ಕೆ ಎಷ್ಟು ಜನ ಸೇರಿದ್ದಾರೆ ಎಂದು ಹೋಲಿಸಿ ನೋಡಿದೆ. ಮೊದಲನೆಯದರಲ್ಲಿ ಮುನ್ನೂರು, ಎರಡನೆಯದರಲ್ಲಿ ನಲವತ್ತೂ ಇಲ್ಲ. ಅಲ್ಲದೆ ಮೊದಲನೆಯದರ ಹುಡುಗರನ್ನು ನಾನು ಬಲ್ಲೆ. ವರ್ಷವೂ ನಮ್ಮ ಕೇರಿಗೆ ಬರುತ್ತಾರೆ. ನಾನು ಹುಟ್ಟುವ ಮೊದಲಿನಿಂದಲೂ ಬರುತ್ತಿದ್ದಾರೆ. ನಮ್ಮವ್ವನ ಎದುರು ಕುಳಿತು, ದಿನಕ್ಕೆ ಎಷ್ಟು ಸಲ ಒಲೆ ಹಚ್ಚುತ್ತೀರಿ ಎಂದು ಕೇಳುತ್ತಾರೆ. ಅವರನ್ನು ನೋಡಿಯೇ ನನಗೆ ಈ ಆಸೆ ಹುಟ್ಟಿತು."

"ಅಂದರೆ ತಲೆ ಎಣಿಸಿ ಗುರುವನ್ನು ಹುಡುಕಿದೆ. ಭಾರಿ ಶಾಣ್ಯಾ ನೀನು. ಆ ಸೊಪ್ಪಿನ ಕಟ್ಟು ಬಿಚ್ಚು, ಕೈ ಕಟ್ಟಿಕೊಂಡು ಕೂರಬೇಡ. ಒಂದು ಕತೆ ಹೇಳುತ್ತೇನೆ" ಎಂದರು ಅಜ್ಜಾರು.

ಒಬ್ಬ ನೇಕಾರನಿದ್ದ. ಅವನಿಗೊಬ್ಬಳು ಮಗಳು. ಅವಳ ಗೆಳತಿಯ ಮನೆಯಲ್ಲಿ ಮಗ್ಗ ನಿಂತಿತು, ಮಗ್ಗದ ಹಿಂದೆಯೇ ಒಲೆಯೂ ನಿಂತಿತು. ಗೆಳತಿ ಹಸಿವಿನಲ್ಲೇ ಸತ್ತಳು. ಹಸಿವು ಓಡಿಸುವ ವಿದ್ಯೆ ಕಲಿತು ಬರುತ್ತೇನೆ, ನಮ್ಮ ಕೇರಿಯಲ್ಲಿ ಇನ್ನೊಬ್ಬರು ಹಾಗೆ ಸಾಯಬಾರದು ಎಂದು ಮಗಳು ಅಪ್ಪನ ಮುಂದೆ ಕುಳಿತಳು.

ಆ ನಾಡಿನಲ್ಲಿ ಆ ವಿದ್ಯೆಗೆ ಎರಡು ಶಾಲೆಗಳಿದ್ದವು. ಎರಡರ ಪದ್ಧತಿಯೂ ಒಂದೇ. ಸೇರಿದ ಪ್ರತಿ ವಿದ್ಯಾರ್ಥಿಗೂ ಶಾಲೆಯ ಊರಿನ ಒಂದು ಬಡಮನೆಯನ್ನು ಒಪ್ಪಿಸುತ್ತಿದ್ದರು. ಆ ಮನೆಯವರು ಉಂಡದ್ದನ್ನೇ ಉಣ್ಣಬೇಕು, ಅವರು ಉಪವಾಸ ಇದ್ದ ದಿನ ಉಪವಾಸ ಇರಬೇಕು. ಒಪ್ಪಿಸಲು ಮನೆ ಇಲ್ಲದಿದ್ದರೆ ಪ್ರವೇಶವೂ ಇಲ್ಲ. ಪದ್ಧತಿ ಮಾಡಿದವನು ಒಳ್ಳೆಯವನೇ. ಹೊಟ್ಟೆ ತುಂಬಿದವನು ಬರೀ ಪುಸ್ತಕದಲ್ಲಿ ಹಸಿವು ಓದಬಾರದೆಂದು ಹಾಗೆ ಮಾಡಿದ್ದ.

ನೇಕಾರ ಎರಡೂ ಶಾಲೆಗಳನ್ನು ನೋಡಿ ಬರಲು ಹೋದ. ಮೊದಲನೆಯ ಶಾಲೆಯ ಬಾಗಿಲಲ್ಲಿ ಚಪ್ಪಲಿಗಳ ರಾಶಿ, ಕಾಲಿಡಲು ಜಾಗವಿಲ್ಲ. ಎರಡನೆಯ ಶಾಲೆಯ ಬಾಗಿಲಲ್ಲಿ ಒಂದೇ ಜೊತೆ ಚಪ್ಪಲಿ. ಅದೂ ಗುರುವಿನದು. ಗುರು ಮುದುಕ, ಅಂಗಳದಲ್ಲಿ ಒಬ್ಬನೇ ಕುಳಿತಿದ್ದ.

"ಮಕ್ಕಳೆಲ್ಲಿ ಸ್ವಾಮೀ?"

"ಈ ವರ್ಷ ಯಾರನ್ನೂ ಸೇರಿಸಿಕೊಳ್ಳಲು ಆಗಲಿಲ್ಲ. ಕುಳಿತುಕೋ, ಹೇಳುತ್ತೇನೆ."

ನೇಕಾರ ಕುಳಿತುಕೊಳ್ಳಲಿಲ್ಲ. ಜೀವನವಿಡೀ ಸಂತೆಯಲ್ಲಿ ಸೀರೆ ಮಾರಿದವನು ಅವನು. ಗಿರಾಕಿ ಇಲ್ಲದ ಅಂಗಡಿಯ ಬಟ್ಟೆಯನ್ನು ಮುಟ್ಟಿ ನೋಡುವುದೂ ದಂಡ ಎಂದುಕೊಂಡ. ಮಗಳನ್ನು ಮೊದಲನೆಯ ಶಾಲೆಗೇ ಸೇರಿಸಿದ. ನಿನ್ನ ಹಾಗೆ, ತಮ್ಮಾ.

ಮಗಳಿಗೆ ಒಬ್ಬ ವಿಧವೆಯ ಮನೆ ಒಪ್ಪಿಸಿದರು. ಮಗಳು ಜೀವ ತೇಯ್ದಳು. ಆ ಹೆಂಗಸಿನ ಜೊತೆ ಗಂಜಿ ಕುಡಿದಳು, ಗಂಜಿ ಇಲ್ಲದ ದಿನ ನೀರು ಕುಡಿದಳು. ಊರೂರು ಅಲೆದು ಹಳೆಯದೊಂದು ಮಗ್ಗ ಬೇಡಿ ತಂದಳು. ನೇಯುವುದನ್ನು ಕಲಿಸಿದಳು. ದೀಪಾವಳಿಯ ಹೊತ್ತಿಗೆ ಆ ಮನೆಯ ಒಲೆ ಬೆಳಿಗ್ಗೆಯೂ ಸಂಜೆಯೂ ಉರಿಯತೊಡಗಿತು. ವಿಧವೆ ಮೊದಲ ಸಲ ಒಂದು ರೊಟ್ಟಿ ಹೆಚ್ಚಿಗೆ ಬಡಿದು ಅವಳ ಕೈಗಿಟ್ಟಳು. ಹುಡುಗಿ ಆ ರೊಟ್ಟಿ ಹಿಡಿದುಕೊಂಡೇ ಶಾಲೆಗೆ ಓಡಿದಳು.

ದೊಡ್ಡ ಗುರುಗಳು ರೊಟ್ಟಿ ನೋಡಿದರು. ಮುಖ ಅರಳಲಿಲ್ಲ.

"ಒಳ್ಳೆಯ ಕೆಲಸ ಮಗಳೇ. ಆದರೆ ಎಲ್ಲರೂ ಹೀಗೆ ಮಾಡಿದರೆ ಮುಂದಿನ ವರ್ಷ ಬರುವವರಿಗೆ ಯಾವ ಮನೆ ಕೊಡೋಣ? ಇಷ್ಟು ಜನ ಸೇರುವ ಶಾಲೆ ನಾಡಿನಲ್ಲಿ ಇನ್ನೊಂದಿಲ್ಲ" ಎಂದರು.

ಹುಡುಗಿಗೆ ಅರ್ಥವಾಗಲಿಲ್ಲ. ತಮಾಷೆಗೆ ಅಂದಿರಬೇಕು ಎಂದುಕೊಂಡಳು. ಎಂಟು ದಿನ ಶಾಲೆಯಲ್ಲೇ ಪಾಠವಿತ್ತು, ಅದು ಮುಗಿದ ಮೇಲೆ ಆ ಮನೆಗೆ ಹೋದಳು. ಮಗ್ಗ ಇರಲಿಲ್ಲ. ಒಲೆಯಲ್ಲಿ ಬೂದಿ ತಣ್ಣಗಿತ್ತು.

"ಮಗ್ಗ ಎಲ್ಲಿ ಅಕ್ಕಾ?"

"ಶಾಲೆಯವರು ಬಂದು ಒಯ್ದರು. ಹೊಸ ಹುಡುಗನಿಗೆ ಮನೆ ಬೇಕಂತೆ. ಈ ಗುಡಿಸಲಿನ ಜಾಗ ಶಾಲೆಯದು, ಬೇಡ ಅನ್ನುವುದು ಹೇಗೆ? ನೀನು ಅಳಬೇಡ ತಂಗಿ. ಇದು ಹೊಸದಲ್ಲ. ನಮ್ಮವ್ವನ ಕಾಲದಲ್ಲೂ ಒಬ್ಬ ಹುಡುಗ ಬಂದಿದ್ದ. ನಿನ್ನ ಹಾಗೆಯೇ ಕಷ್ಟಪಟ್ಟು ಒಂದು ಆಕಳು ತಂದುಕೊಟ್ಟಿದ್ದ. ಅದನ್ನು ಶಾಲೆಯವರು ಹೊಡೆದುಕೊಂಡು ಹೋದ ದಿನ ನಮ್ಮ ಹೊಸ್ತಿಲ ಮೇಲೆ ಕುಳಿತು ಅತ್ತಿದ್ದ."

"ಅವನು ಏನಾದ?"

"ಅವರೇ ಅಲ್ಲವೇ ಈಗ ನಿಮ್ಮ ದೊಡ್ಡ ಗುರುಗಳು."

ತಾನು ಕುಳಿತದ್ದೂ ಅದೇ ಹೊಸ್ತಿಲು ಎಂದು ಹುಡುಗಿಗೆ ಆಗ ಗೊತ್ತಾಯಿತು. ಎದ್ದವಳು ಶಾಲೆಯ ಕಡೆ ತಿರುಗಲಿಲ್ಲ, ನೇರ ಅಪ್ಪನ ಮನೆಗೆ ನಡೆದಳು. ಅಲ್ಲಿ ಕೇರಿಯಲ್ಲಿ ಇನ್ನೊಂದು ಮಗ್ಗ ನಿಂತಿತ್ತು. ಆ ಮನೆಯಲ್ಲಿ ಬಾಣಂತಿ ಉಪವಾಸ ಇದ್ದಳು.

ನೇಕಾರ ಮಗಳ ಮಾತು ಪೂರ್ತಿ ಕೇಳಿದ. ಅವನಿಗೆ ಆ ಮುದುಕ ಗುರು ನೆನಪಾದ. ಇಬ್ಬರೂ ಅಂದೇ ಹೊರಟು ಎರಡನೆಯ ಶಾಲೆಯ ಊರು ಸೇರಿದರು. ಸಂಜೆಯ ಹೊತ್ತು. ಹುಡುಗಿ ಬೀದಿ ಬೀದಿ ತಿರುಗಿ ನೋಡಿದಳು. ಎಲ್ಲ ಮನೆಯ ಹೆಂಚಿನ ಮೇಲೂ ಹೊಗೆ ಏಳುತ್ತಿತ್ತು. ಒಬ್ಬಾಕೆ ಮುಚ್ಚಿದ ತಟ್ಟೆ ಹಿಡಿದು ಗುರುವಿಗೆ ಊಟ ಒಯ್ಯುತ್ತಿದ್ದಳು. ಇವರೂ ಅವಳ ಹಿಂದೆ ಹೋದರು.

"ಅಂದು ನೀನು ಕುಳಿತಿದ್ದರೆ ಹೇಳುತ್ತಿದ್ದೆ. ಈ ಊರಿನಲ್ಲಿ ಒಪ್ಪಿಸಲು ಮನೆಯೇ ಉಳಿದಿಲ್ಲ. ಅದಕ್ಕೇ ಶಾಲೆ ಖಾಲಿ" ಎಂದ ಮುದುಕ.

ಮಗಳ ಒಂದು ವರ್ಷವನ್ನೂ ಬಾಣಂತಿಯ ಅನ್ನವನ್ನೂ ತಾನೇ ಕಳೆದೆನೆಂದು ನೇಕಾರ ಒಪ್ಪಿಕೊಂಡ. ಹುಡುಗಿ ಮಾತ್ರ ಮುಂದೆ ಬಂದಳು.

"ನಮ್ಮ ಕೇರಿಯಲ್ಲಿ ಮನೆಗಳಿವೆ, ಗುರುಗಳೇ."

ಮುದುಕ ತಟ್ಟೆಯ ಊಟವನ್ನು ಬುತ್ತಿ ಕಟ್ಟಿಕೊಂಡ. ಬಾಗಿಲಲ್ಲಿದ್ದ ಚಪ್ಪಲಿ ಮೆಟ್ಟಿಕೊಂಡು ಅವಳ ಜೊತೆ ಹೊರಟ.

ಅಜ್ಜಾರು ಕತೆ ನಿಲ್ಲಿಸಿ ಸೋಸಿದ ಸೊಪ್ಪನ್ನು ಬುಟ್ಟಿಗೆ ಹಾಕಿದರು. ದುರುಗಪ್ಪನ ಮುಂದೆ ಬಿಚ್ಚಿದ ಕಟ್ಟು ಹಾಗೆಯೇ ಇತ್ತು.

"ಅದು ಕತೆ ಅಜ್ಜಾರೇ. ನಮ್ಮಲ್ಲಿಗೆ ಬರುವವರು ಅಂಥವರಲ್ಲ. ಯಾರ ಮಗ್ಗವನ್ನೂ ಒಯ್ದಿಲ್ಲ, ಯಾರ ಆಕಳನ್ನೂ ಹೊಡೆದುಕೊಂಡು ಹೋಗಿಲ್ಲ. ಬರೀ ಕೇಳುತ್ತಾರೆ, ಬರೆದುಕೊಂಡು ಹೋಗುತ್ತಾರೆ" ಎಂದ.

"ಹೌದಪ್ಪಾ, ಒಳ್ಳೆಯ ಮಕ್ಕಳು, ನಾನೂ ನೋಡಿದ್ದೇನೆ" ಎಂದು ಅಜ್ಜಾರು ಮೊದಲ ಸಲ ತಲೆ ಎತ್ತಿ ಅವನನ್ನು ನೋಡಿದರು. "ದಿನಕ್ಕೆ ಎಷ್ಟು ಸಲ ಒಲೆ ಹಚ್ಚುತ್ತೀರಿ ಎಂದು ಕೇಳಿದಾಗ, ಈ ವರ್ಷ ನಿಮ್ಮವ್ವ ಏನು ಹೇಳಿದಳು?"

"ಒಂದೇ ಸಲ ಅಂದಳು. ವರ್ಷವೂ ಅದನ್ನೇ ಹೇಳುತ್ತಾಳೆ" ಎಂದ ದುರುಗಪ್ಪ.