ದೊರೆಯ ಮಣ್ಣಿನ ತಾತ

ಕಲ್ಲೂರಿನ ದೊರೆ ರಣಭೈರವನಿಗೆ ಹೊಗಳಿಸಿಕೊಳ್ಳುವ ಚಟ. ಬದುಕಿದ್ದವರ ಹೊಗಳಿಕೆಯೆಲ್ಲ ಮುಗಿದ ಮೇಲೆ ಅವನ ಕಣ್ಣು ಸತ್ತವರ ಮೇಲೆ ಬಿತ್ತು.

ಕುಂಬಾರ ದುಗ್ಗಪ್ಪನನ್ನು ಕರೆಸಿ ಅಪ್ಪಣೆ ಮಾಡಿದ: “ನಮ್ಮ ತಾತನ ಹಾಗೇ ಒಬ್ಬ ಮಣ್ಣಿನ ಮನುಷ್ಯನನ್ನು ಮಾಡು. ಅದರೊಳಗೆ ತಾತನ ಆತ್ಮ ಬಂದು ಕೂರಬೇಕು. ‘ಮೊಮ್ಮಗ ನನ್ನನ್ನೂ ಮೀರಿಸಿದ’ ಅಂತ ತುಂಬಿದ ಸಭೆಯಲ್ಲಿ ಹೇಳಬೇಕು. ಹೇಳದಿದ್ದರೆ ನಿನ್ನ ಆವಿಗೆ ಒಡೆಸಿ, ನಿನ್ನನ್ನು ಗಡಿ ದಾಟಿಸುತ್ತೇನೆ!”

ದುಗ್ಗಪ್ಪ ಮಾಡಿದ ಯಾವ ಹೂಜಿಯೂ ಇವತ್ತಿನವರೆಗೆ ಮಾತಾಡಿರಲಿಲ್ಲ. ಮಡಕೆ ಸುಡುವ ಆವಿಗೆಯೇ ಹೋದರೆ ಮನೆಮಂದಿ ಉಣ್ಣುವುದೇನು? ಆಸ್ಥಾನದ ಜಾಣ ತಿಪ್ಪರಸನ ಮನೆಗೆ ಓಡಿದ.

“ಬುದ್ಧೀ, ಮಣ್ಣು ಕಲಸೋದು ಗೊತ್ತು. ಆತ್ಮ ಕಲಸೋದು ನಮ್ಮಪ್ಪ ಹೇಳಿಕೊಡಲಿಲ್ಲ.”

“ನೀನು ಚೆನ್ನಾಗಿ ಸುಡು ದುಗ್ಗಪ್ಪ, ಒಂದು ಬಿರುಕೂ ಇರಬಾರದು. ಮಿಕ್ಕಿದ್ದು ನನಗೆ ಬಿಡು” ಎಂದ ತಿಪ್ಪರಸ.

ದೊರೆ ಗೊತ್ತುಮಾಡಿದ ದಿನ ಮಣ್ಣಿನ ತಾತ ಪಲ್ಲಕ್ಕಿಯಲ್ಲಿ ಬಂದು ಸಭೆಯ ನೆಲದ ಮೇಲೆ ಕೂತರು. ಅದೇ ಗಿಣಿಮೂಗು, ಅದೇ ಜೋಲು ಮೀಸೆ.

“ಮಾತಾಡಿ ತಾತಾ!” ಎಂದ ದೊರೆ.

ತಾತ ತುಟಿಪಿಟಕ್ಕೆನ್ನಲಿಲ್ಲ. ದುಗ್ಗಪ್ಪ ಕಂಬದ ಹಿಂದೆ ನಿಂತು ಕಣ್ಣು ಮುಚ್ಚಿಕೊಂಡ.

ತಿಪ್ಪರಸ ಗಲ್ಲ ಗಲ್ಲ ಬಡಿದುಕೊಂಡ. “ಎಂಥ ಅಪಚಾರ ಪ್ರಭು! ತಾತ ನೆಲದ ಮೇಲೆ, ಮೊಮ್ಮಗ ಸಿಂಹಾಸನದ ಮೇಲೆ! ಹೇಗೆ ಮಾತಾಡಿಯಾರು?”

ದೊರೆ ದಡಬಡಿಸಿ ಇಳಿದ. ತಾತನನ್ನು ಸಿಂಹಾಸನಕ್ಕೆ ಏರಿಸಿದರು. ಹಿರಿಯರ ಎದುರು ಕೂರುವಂತಿಲ್ಲವಲ್ಲ, ದೊರೆ ಕೈಕಟ್ಟಿ ನಿಂತ. ಊಟದ ಹೊತ್ತಾಯಿತು. ಹಿರಿಯರು ಎಲೆಗೆ ಕೈಯಿಡುವ ಮೊದಲು ಕಿರಿಯರು ಉಣ್ಣುವಂತಿಲ್ಲ. ತಾತನ ಮುಂದೆ ಹೋಳಿಗೆ ಬಡಿಸಿದರು. ನೊಣಗಳು ಉಂಡವು. ಗಡಿಯ ಸುದ್ದಿ ತಂದ ಸೇನಾಪತಿ ದೊರೆಯನ್ನು ದಾಟಿಕೊಂಡು ಹೋಗಿ ತಾತನಿಗೆ ಎಲ್ಲ ಒಪ್ಪಿಸಿದ. ತಾತ ಸುಮ್ಮನಿದ್ದದ್ದನ್ನೇ ಒಪ್ಪಿಗೆ ಎಂದುಕೊಂಡು ಕೈಮುಗಿದು ಹೊರಟೂ ಹೋದ.

“ಇವರು ಯಾವಾಗಯ್ಯ ಮಾತಾಡೋದು?” ಎಂದ ದೊರೆ, ಕಾಲು ಬದಲಿಸುತ್ತ.

“ಅವರಿಗೇನು ಅವಸರ ಪ್ರಭು? ಇನ್ನು ಸಾಯುವ ಭಯವೂ ಇಲ್ಲ.”

“ಅಲ್ಲಿಯವರೆಗೆ ರಾಜ್ಯ ಯಾರದು?”

“ಹಿರಿಯರು ಇರುವಾಗ ಕಿರಿಯರದ್ದು ಹೇಗಾದೀತು?”

ದೊರೆಯ ತಾಳ್ಮೆ ಕೆಟ್ಟಿತು. ಸಂತೆಯಲ್ಲಿ ಗಡಿಗೆ ಕೊಳ್ಳುವವರು ಬೆರಳಲ್ಲಿ ತಟ್ಟಿ ನೋಡುತ್ತಾರಲ್ಲ, ಹಾಗೆ ತಾತನ ತಲೆಗೆ ಟಣ್ ಎಂದು ತಟ್ಟಿದ.

“ಕೇಳಿ ಎಲ್ಲರೂ! ಒಳಗೆ ಖಾಲಿ!”

“ಸದ್ದು ಹೇಗಿದೆ ಪ್ರಭು?” ಎಂದು ಕೇಳಿದ ತಿಪ್ಪರಸ.

“ಗಂಟೆಯ ಹಾಗಿದೆ!”

ಅಷ್ಟು ಭಯದಲ್ಲೂ ದುಗ್ಗಪ್ಪನಿಗೆ ಹೆಮ್ಮೆಯಾಯಿತು.

“ಬಿರುಕೇನಾದರೂ ಇದೆಯೇ?”

“ಬಿರುಕೂ ಇಲ್ಲ, ತಾತನೂ ಇಲ್ಲ! ಇಳಿಸಿ ಇದನ್ನ!” ದೊರೆ ಹಾರಿ ಸಿಂಹಾಸನದಲ್ಲಿ ಕೂತು, ಬಿಸಿ ಹೋಳಿಗೆ ತರಿಸಿ ಬಾಯಿಗಿಟ್ಟ. ಆಗ ನೆನಪಾಯಿತು. “ಎಲ್ಲಿ ಆ ಕುಂಬಾರ? ಆತ್ಮವೇ ಇಲ್ಲದ ತಾತನನ್ನು ಕೊಟ್ಟನಲ್ಲ!”

ತಿಪ್ಪರಸ ಅಡ್ಡ ಬಂದ. “ತಟ್ಟಿ ನೋಡಿದವರು ನೀವೇ, ಬಿರುಕಿಲ್ಲ ಎಂದವರೂ ನೀವೇ. ಅಲ್ಲಿಗೆ ಕುಂಬಾರನ ಕೆಲಸ ಮುಗಿಯಿತು ಪ್ರಭು. ಗಡಿಗೆಯಲ್ಲಿ ಹಾಲಿಲ್ಲ ಅಂತ ಕುಂಬಾರನನ್ನು ಬೈದವರುಂಟೆ? ತುಂಬಿಸಿಕೊಳ್ಳೋದು ಕೊಂಡವರ ಪಾಡು. ತಾತ ಯಾರವರು, ನಿಮ್ಮವರೋ ದುಗ್ಗಪ್ಪನವರೋ?”

ದೊರೆಯ ಬಾಯಲ್ಲಿ ಹೋಳಿಗೆ ಹಾಗೇ ನಿಂತಿತು. ಆಮೇಲೆ ನಗು ಒತ್ತರಿಸಿ ಬಂತು. ದುಗ್ಗಪ್ಪನಿಗೆ ಶಾಲು ಹೊದಿಸಿ, ತಿಪ್ಪರಸನಿಗೆ ಕಂಠೀಹಾರ ಹಾಕಿದ. ಆದರೂ ಆಸೆ ಪೂರಾ ಹೋಗಿರಲಿಲ್ಲ.

“ತಾತ ಒಂದೇ ಒಂದು ಮಾತು ಆಡಿದ್ದರೆ ಎಷ್ಟು ಚೆನ್ನಾಗಿತ್ತು ತಿಪ್ಪರಸಾ!”

“ಬೇಡ ಪ್ರಭು. ‘ನನ್ನ ತಲೆಗೆ ಕುಟ್ಟಿದವನು ಯಾರೋ?’ ಅಂತ ಅದನ್ನೇ ಕೇಳುತ್ತಿದ್ದರು.”