ಚೀಟಿ ಕಟ್ಟಿದ ಬೂಟು

ಏಳನೇ ಕ್ಲಾಸಿನ ಪರೀಕ್ಷೆ ಇದ್ದ ಸೋಮವಾರ ನಾನು ಮೊದಲ ಸಲ ಮನೆ ಬಿಟ್ಟು ನಡೆದೆ. ದೊಡ್ಡವನಾದರೂ ಆ ಅಲೆದಾಟದ ಹುಚ್ಚು ಬಿಟ್ಟಿಲ್ಲ. ಮೊನ್ನೆ ಬೂಟು ಕೊಳ್ಳಲು ಚಾರಣದ ಸಾಮಾನಿನ ಅಂಗಡಿಗೆ ಹೋದೆ. ಗಿರಾಕಿಗಳು ಹಿಂತಿರುಗಿಸಿದ್ದನ್ನು ಅಲ್ಲಿ ಕಾರಣದ ಚೀಟಿ ಕಟ್ಟಿ ಅರ್ಧ ಬೆಲೆಗೆ ಮಾರುತ್ತಾರೆ. ಸಂಜೆಯೊಳಗೆ ಮಾರಿಹೋಗದ್ದು ಗುಜರಿಗೆ. ಬುಟ್ಟಿಯಲ್ಲಿ ಉಳಿದಿದ್ದ ಒಂದೇ ಜೊತೆ ಬೂಟಿನ ಚೀಟಿಯಲ್ಲಿ ‘ಹಿಮ್ಮಡಿ ಕಚ್ಚುತ್ತದೆ’ ಎಂದಿತ್ತು.

ಕಪಾಟಿನ ಹೊಸ ಬೂಟು ಅದನ್ನು ನೋಡಿ ನಕ್ಕಿತು: “ಎರಡೇ ದಿನಕ್ಕೆ ತವರಿಗೆ ಬಂದೆಯಲ್ಲಣ್ಣ! ಗಿರಾಕಿ ಬಂದ, ಚೀಟಿಯನ್ನಾದರೂ ಮುಚ್ಚಿಕೋ.”

“ಬೇಡ. ಹಿಮ್ಮಡಿಯಲ್ಲಿ ಕಚ್ಚಿದ್ದು ನಿಜ. ನಾನು ಗುಜರಿಗೆ ಹೋದರೂ ಸರಿ, ಅವನು ತಿಳಿದೇ ಕೊಳ್ಳಲಿ” ಎಂದಿತು ವಾಪಸ್ ಬಂದ ಬೂಟು.

“ನಾನಂತೂ ಯಾರನ್ನೂ ಕಚ್ಚಿಲ್ಲಪ್ಪ.”

“ನೀನಿನ್ನೂ ಅಂಗಡಿಯ ಹೊಸ್ತಿಲೇ ದಾಟಿಲ್ಲವಲ್ಲ, ತಮ್ಮಾ.”

ವಾಪಸ್ ಬಂದದ್ದನ್ನೇ ಕೊಂಡೆ. ಕಚ್ಚುವ ಜಾಗ ಗೊತ್ತಿತ್ತು. ಅಲ್ಲಿಗೆ ಹತ್ತಿ ಒತ್ತಿ, ತೊಟ್ಟುಕೊಂಡು, ಈಗ ಚೀಲ ಕಟ್ಟುತ್ತಿದ್ದೇನೆ.