ಒರಸಿದ ಸೊನ್ನಿ

ಹೊಳಿದಂಡಿ ಮಠದ ದಾಸೋಹದ ಹಂಡೆ ಎಷ್ಟು ದೊಡ್ಡದಂದ್ರ, ಒಮ್ಮೆ ಆನಿಮರಿಯೊಂದು ಸಾರಿನಾಗ ಬಿದ್ದು ಮೂರು ದಿನ ಈಜಿತ್ತು. ಸಿಕ್ಕಾಗ ಮೈಯೆಲ್ಲಾ ಇಂಗಿನ ವಾಸನಿ.

ಆ ದಾಸೋಹದ ಹೊಣಿ ತನಗ ಬರಲಿ ಅಂತ ಪಂಕ್ತ್ಯಾಗ ಬಡಸೋ ಫಕೀರಯ್ಯ ಹನ್ನೆರಡು ವರ್ಷ ಕಾದಿದ್ದ.

ದಾಸೋಹದ ಕೆಲಸಾನೆಲ್ಲಾ ಕಂಪ್ಯೂಟರಿಗೆ ಹಾಕೋದು ಅಂತಾತು. ಅದಕ್ಕ ಮೊದಲ, ಯಾವ ಕೆಲಸದಿಂದ ಏನು ಎಲ್ಲಿಗೆ ಹೋಗತೈತಿ ಅಂತ ತೋರಸೋ ಒಂದು ನಕ್ಷಿ ಬೇಕಿತ್ತು. ಗುರು ಅಜ್ಜಾರು ಫಕೀರಯ್ಯನ್ನ ಕರದು, ಸರಿ ಬರದ್ರ ದಾಸೋಹ ನಿಂದು, ತಪ್ಪಿದ್ರ ಮಠಾ ಬಿಡು ಅಂದ್ರು.

"ಹೆಂಗ ಬರೀಲ್ರಿ ಅಜ್ಜಾರ?"

"ಕೆಲಸಕ್ಕೊಂದು ಸೊನ್ನಿ. ಒಳಗ ಬರೋದಕ್ಕೊಂದು ಗೆರಿ, ಹೊರಗ ಹೋಗೋದಕ್ಕೊಂದು ಗೆರಿ. ಕಂಡದ್ದನ್ನ ಬರಿ."

ಅಕ್ಕಿ ಹಸನ ಮಾಡೋದು, ಅನ್ನ ಬಸಿಯೋದು, ಎಲಿ ಹಾಸೋದು, ಎಲ್ಲಾ ಬರದ. ಒಂದು ಸೊನ್ನಿಯಿಂದ ಹೊಂಟದ್ದು ಇನ್ನೊಂದಕ್ಕ ಹೋಗಿ ಸೇರತಿತ್ತು.

ಒಂದು ಸೊನ್ನಿ ಬರದ ಮ್ಯಾಲ ಮಾತ್ರ ಕೈ ನಿಂತಿತು. ದಿನಾ ಮಧ್ಯಾಹ್ನ ಹೊಳ್ಯಾಗಿನ ಪಾಳು ಮಂಟಪಕ್ಕ ಒಂದು ಎಡಿ ಹೋಗತಿತ್ತು. ಅನ್ನಾನೂ ವಾಪಸ್ ಬರತಿರಲಿಲ್ಲ, ಎಲಿನೂ ಇಲ್ಲ. ಕಾಗಿ, ನಾಯಿ ಆ ಕಡೆ ಹಾಯತಿರಲಿಲ್ಲ.

ಅಡಗಿ ನೀಲಮ್ಮನ್ನ ಕೇಳಿದ. ಯಾರು ಉಣ್ಣತಾರಂತ ನಮ್ಮತ್ತಿನೂ ಕೇಳಿಲ್ಲ, ನಿನಗ್ಯಾಕಪಾ ಉಸಾಬರಿ ಅಂತ ಆಕಿ ಒಲಿ ಕಡೆ ತಿರಗಿದಳು.

ಹೊರಗ ಗೆರಿ ಇಲ್ಲದ ಸೊನ್ನಿ ತಪ್ಪು ಅಂತ ಕಂಪ್ಯೂಟರಿನವರು ಮೊದಲ ಹೇಳಿದ್ದರು. ನಕ್ಷಿ ತಪ್ಪಾದ್ರ ಹನ್ನೆರಡು ವರ್ಷ ಹೊಳ್ಯಾಗ ಹುಣಸಿಹಣ್ಣು ತೊಳದಂಗ. ಫಕೀರಯ್ಯ ಮಂಟಪದ ಸೊನ್ನಿ ಒರಸಿಬಿಟ್ಟ. ನಕ್ಷಿ ಚೊಕ್ಕ ಆತು. ನಕ್ಷ್ಯಾಗ ಇಲ್ಲದ ಎಡಿ ಯಾಕಂತ ಅದನ್ನೂ ನಿಲ್ಲಿಸಿದ.

ಮರುದಿನ ಪಂಕ್ತಿಯ ಕಟ್ಟಕಡಿಗೆ ಒಂದು ಎಲಿ ಹೆಚ್ಚಿಗಿ ಇತ್ತು. ಅದರ ಮುಂದ ಯಾರೂ ಇರಲಿಲ್ಲ. ಒಬ್ಬರು ಕೂಡ್ರುವಷ್ಟು ನೆಲ ಮಾತ್ರ ಹಸಿ ಆಗಿತ್ತು.

ಫಕೀರಯ್ಯ ಬಡಸಿದ. ಸವಟು ಎತ್ತೂದ್ರಾಗ ಎಲಿ ಖಾಲಿ. ಮತ್ತ ಬಡಸಿದ. ಖಾಲಿ. ಹಂಡೆದ ತಳದಾಗ ಅದನ್ನ ಮಾಡಿದ ಕಂಚುಗಾರನ ಹೆಸರೈತಿ ಅಂತ ಊರಿಗೆ ಗೊತ್ತಾದದ್ದ ಅವತ್ತ.

ಕಡೀ ಎಲಿಯವರು ಉಂಡು ಮುಗಸೂತನಕ ಪಂಕ್ತ್ಯಾಗಿಂದ ಯಾರೂ ಏಳಬಾರದು, ಅದು ಮಠದ ಪದ್ಧತಿ. ಮುನ್ನೂರು ಮಂದಿ ಒಣಗಿದ ಎಂಜಲಗೈ ಹಿಡಕೊಂಡು, ಫಕೀರಯ್ಯನ್ನ ನೋಡಕೋತ ಕುಂತಿದ್ದರು.

ನೀಲಮ್ಮ ಎರಡನೇ ಸಲ ಅಕ್ಕಿ ಹಾಕಿದಳು. ಆಮ್ಯಾಲ ಮೂರನೇ ಸಲ.

ಅಜ್ಜಾರು ಬಂದ್ರು. ಹಸಿ ನೆಲಕ್ಕ ಕೈ ಮುಗದ್ರು.

ಫಕೀರಯ್ಯ ಸವಟು ಕೆಳಗಿಟ್ಟ. "ನಕ್ಷಿ ತಪ್ಪೇತ್ರಿ ಅಜ್ಜಾರ. ಮಠಾ ಬಿಟ್ಟು ಹೋಗತೀನಿ."

"ಎಲ್ಲಿಗೆ ಹೋಗತಿ? ಅದರ ಮನಿ ಒರಸಿದಾಂವ ನೀನ. ಬಡಸು, ಇನ್ನೂ ಉಣ್ಣಾಕತ್ತೈತಿ."